ಗೊಣಗುವುದಕ್ಕೂ ಒಂದು ವ್ಯಾಕರಣ

ಪ್ರೀತಿಯ ಮಕ್ಕಳೇ, ಮಕ್ಕಳ ಪಕ್ಕದಲ್ಲಿ ಕುಳಿತು ಈ ಪುಟ ಓದುವ ಅಜ್ಜ ಅಜ್ಜಿಯರೇ,

ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಿಂದ ಏಳನೇ ತರಗತಿಯ ಹುಡುಗಿಯೊಬ್ಬಳು ನನಗೆ ಪತ್ರ ಬರೆದಿದ್ದಾಳೆ. ಅಕ್ಷರ ಮುತ್ತು ಪೋಣಿಸಿದ ಹಾಗಿದೆ. ಇಂಗ್ಲಿಷ್ ಪರೀಕ್ಷೆಯಲ್ಲಿ ಅಜ್ಜನ ಬಗ್ಗೆ ಐದು ವಾಕ್ಯ ಬರೆಯಲು ಕೇಳಿದ್ದರಂತೆ. ಇವಳು “ಮೈ ಗ್ರ್ಯಾಂಡ್‌ಫಾದರ್ ಈಸ್ ಆಲ್ವೇಸ್ ಟೆಲ್ಲಿಂಗ್ ಸ್ಟೋರೀಸ್” ಎಂದು ಬರೆದಳು. ಮೇಡಂ ಅದನ್ನು ಕೆಂಪು ಶಾಯಿಯಲ್ಲಿ ಹೊಡೆದು “ಆಲ್ವೇಸ್ ಟೆಲ್ಸ್ ಸ್ಟೋರೀಸ್” ಎಂದು ತಿದ್ದಿದರು. ಅರ್ಧ ಅಂಕ ಹೋಯಿತು. “ಆದರೆ ಅಜ್ಜ, ಲೈಬ್ರರಿಯ ಕಥೆಪುಸ್ತಕದಲ್ಲಿ ಒಬ್ಬ ಅಮ್ಮ ಮಗನಿಗೆ ‘ಯೂ ಆರ್ ಆಲ್ವೇಸ್ ಲೂಸಿಂಗ್ ಥಿಂಗ್ಸ್’ ಅಂತ ಬೈಯುತ್ತಾಳೆ. ಅಲ್ಲಿ ಸರಿಯಾದದ್ದು ನನ್ನ ಉತ್ತರಪತ್ರಿಕೆಯಲ್ಲಿ ಹೇಗೆ ತಪ್ಪಾಯಿತು?” ಇದು ಅವಳ ಪ್ರಶ್ನೆ.

ಪ್ರಶ್ನೆಯೊಳಗೇ ಅರ್ಧ ಉತ್ತರ ಇದೆ ನೋಡಿ. ‘ಅಮ್ಮ ಬೈಯುತ್ತಾಳೆ’ ಎಂದು ಅವಳೇ ಬರೆದಿದ್ದಾಳೆ. ಇಂಗ್ಲಿಷಿನಲ್ಲಿ ಬೈಯುವುದಕ್ಕೆ, ಗೊಣಗುವುದಕ್ಕೆ, ಬೇರೆಯವರ ಅಭ್ಯಾಸ ಕಿರಿಕಿರಿ ಮಾಡುತ್ತದೆ ಎಂದು ಹೇಳುವುದಕ್ಕೆ ಅದರದೇ ಆದ ವ್ಯಾಕರಣ ಉಂಟು. ಶಾಲೆಯಲ್ಲಿ ಅದನ್ನು ಹೆಚ್ಚು ಕಲಿಸುವುದಿಲ್ಲ. ಆದರೆ ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಬೇಕಾಗುವುದು ಅದೇ! ಈ ವಾರ ಅದನ್ನೇ ಕಲಿಯೋಣ.

ದಿನದ ಮಾತು, ಈಗಿನ ಮಾತು, ಗೊಣಗುವ ಮಾತು

ಮೊದಲ ಪಾಠ ನಿಮಗೆಲ್ಲ ಗೊತ್ತಿರುವುದೇ. ದಿನವೂ ನಡೆಯುವ ಸಂಗತಿಗೆ ಸಿಂಪಲ್ ಪ್ರೆಸೆಂಟ್. “ಮೈ ಬ್ರದರ್ ಗೆಟ್ಸ್ ಅಪ್ ಅಟ್ ಸಿಕ್ಸ್.” ಅಣ್ಣ ಆರು ಗಂಟೆಗೆ ಏಳುತ್ತಾನೆ. ಈ ಕ್ಷಣ ಕಣ್ಣೆದುರು ನಡೆಯುತ್ತಿರುವುದಕ್ಕೆ ಪ್ರೆಸೆಂಟ್ ಕಂಟಿನ್ಯುಯಸ್. “ಮೈ ಬ್ರದರ್ ಈಸ್ ಸ್ಲೀಪಿಂಗ್.” ಅಣ್ಣ ಮಲಗಿದ್ದಾನೆ, ಎಬ್ಬಿಸಬೇಡಿ.

ಇಷ್ಟು ಕಲಿತವರು ‘ಆಲ್ವೇಸ್’ ಎಂಬ ಪದ ಬಂದರೆ ಅದು ಅಭ್ಯಾಸದ ಮಾತು, ಸಿಂಪಲ್ ಪ್ರೆಸೆಂಟೇ ಬರಬೇಕು ಎಂದು ತಿಳಿಯುತ್ತಾರೆ. ಬಹುಪಾಲು ಅದು ಸರಿ. “ಫಾದರ್ ಆಲ್ವೇಸ್ ಲಾಕ್ಸ್ ದ ಡೋರ್.” ಅಪ್ಪ ಯಾವಾಗಲೂ ಬಾಗಿಲಿಗೆ ಬೀಗ ಹಾಕುತ್ತಾರೆ. ಇದರಲ್ಲಿ ದೂರಿಲ್ಲ, ಬರೀ ವರದಿ.

ಈಗ ಇದನ್ನು ನೋಡಿ. “ಮೈ ಬ್ರದರ್ ಈಸ್ ಆಲ್ವೇಸ್ ಲೀವಿಂಗ್ ದ ಡೋರ್ ಓಪನ್.” ಅಣ್ಣ ಯಾವಾಗ ನೋಡಿದರೂ ಬಾಗಿಲು ತೆರೆದಿಟ್ಟೇ ಹೋಗುತ್ತಾನೆ ಮಾರಾಯ್ರೆ! ಇದು ವರದಿ ಅಲ್ಲ, ದೂರು. ‘ಈಸ್’ ಮತ್ತು ‘ಇಂಗ್’ ನಡುವೆ ‘ಆಲ್ವೇಸ್’ ಕೂತ ಕೂಡಲೇ ಮಾತಿನ ಬಣ್ಣ ಬದಲಾಯಿತು.

ಯಾಕೆ ಹೀಗೆ? ‘ಇಂಗ್’ ರೂಪ ಈಗ ನಡೆಯುತ್ತಿರುವ, ಸ್ವಲ್ಪ ಹೊತ್ತಿನಲ್ಲಿ ಮುಗಿಯುವ ಕೆಲಸಕ್ಕೆ ಸೇರಿದ್ದು. ‘ಆಲ್ವೇಸ್’ ಎಂದರೆ ಎಲ್ಲ ಕಾಲಕ್ಕೂ ಸೇರಿದ್ದು. ಹೊಂದದ ಈ ಎರಡನ್ನು ಒಟ್ಟಿಗೆ ಕಟ್ಟಿದರೆ ಹುಟ್ಟುವುದು ಉತ್ಪ್ರೇಕ್ಷೆ. ನಾನು ಕಣ್ಣು ಬಿಟ್ಟಾಗಲೆಲ್ಲ ಈ ಮಹಾರಾಯ ಅದನ್ನೇ ಮಾಡುತ್ತಿರುತ್ತಾನೆ ಎಂಬ ಅರ್ಥ. ‘ಆಲ್ವೇಸ್’ ಬದಲು ‘ಕಾನ್‌ಸ್ಟಂಟ್ಲಿ’, ‘ಕಂಟಿನ್ಯುಅಲಿ’, ‘ಫಾರ್‌ಎವರ್’ ಎಂಬ ಪದಗಳನ್ನೂ ಅದೇ ಜಾಗದಲ್ಲಿ ಕೂರಿಸಬಹುದು. “ಶಿ ಈಸ್ ಫಾರ್‌ಎವರ್ ಲುಕಿಂಗ್ ಅಟ್ ಹರ್ ಮೊಬೈಲ್.” ಈ ವಾಕ್ಯ ಯಾರ ಮನೆಯಲ್ಲಿ ಕೇಳಿಸುವುದಿಲ್ಲ ಹೇಳಿ!

ಇದು ನಾನು ಹೊಸೆದ ನಿಯಮವಲ್ಲ. ನಮ್ಮ ಕಾಲದವರೆಲ್ಲ ಓದಿದ, ಈಗಲೂ ಅಂಗಡಿಯಲ್ಲಿ ಸಿಗುವ ರೆನ್ ಮತ್ತು ಮಾರ್ಟಿನ್ ವ್ಯಾಕರಣ ಪುಸ್ತಕದಲ್ಲೂ ಇದೆ. ಎಷ್ಟು ಹೇಳಿದರೂ ಬಿಡದ ಹಟದ ಅಭ್ಯಾಸಕ್ಕೆ ಈ ರೂಪ ಎಂದು ಅಲ್ಲಿ ಒಂದು ಮೂಲೆಯಲ್ಲಿ ಬರೆದಿದ್ದಾರೆ. ಅಂದ ಹಾಗೆ, ಆ ಪಿ.ಸಿ. ರೆನ್ ಬರೀ ವ್ಯಾಕರಣದ ಮೇಷ್ಟ್ರಲ್ಲ. ಮುಂಬಯಿ ಪ್ರಾಂತ್ಯದಲ್ಲಿ ಶಿಕ್ಷಣ ಇಲಾಖೆಯ ಕೆಲಸದಲ್ಲಿದ್ದವರು, ಆಮೇಲೆ 1924ರಲ್ಲಿ ‘ಬೋ ಜೆಸ್ಟ್’ ಎಂಬ ಸಾಹಸ ಕಾದಂಬರಿ ಬರೆದು ಲೋಕಪ್ರಸಿದ್ಧರಾದವರು. ವ್ಯಾಕರಣ ಬರೆದವರಿಗೆ ಕಥೆ ಹೇಳಲು ಬರುವುದಿಲ್ಲ ಎಂದು ಯಾರಾದರೂ ಅಂದರೆ ಈ ಹೆಸರು ಹೇಳಿ.

ನಮಗೆ ಗೊತ್ತಿಲ್ಲದೆ ನಾವು ಗೊಣಗುತ್ತೇವೆ

ಇಲ್ಲಿ ಕನ್ನಡಿಗರು ಒಂದು ಎಚ್ಚರ ವಹಿಸಬೇಕು. ನಮಗೆ ‘ಇಂಗ್’ ಎಂದರೆ ಬಹಳ ಪ್ರೀತಿ. ಕನ್ನಡದಲ್ಲಿ ‘ಇದೆ’, ‘ಇದ್ದೇನೆ’ ಕಂಡಲ್ಲೆಲ್ಲ ಇಂಗ್ಲಿಷಿನಲ್ಲಿ ‘ಆಮ್’, ‘ಈಸ್’, ‘ಇಂಗ್’ ಅಂಟಿಸುತ್ತೇವೆ. ನನಗೆ ಗೊತ್ತಿದೆ ಎನ್ನಲು “ಐ ಆಮ್ ನೋಯಿಂಗ್” ಎನ್ನುತ್ತೇವೆ. ಅದು “ಐ ನೋ” ಆಗಬೇಕು. ಇದು ಕನ್ನಡಿಗರ ಚಾಳಿ ಮಾತ್ರವಲ್ಲ, ಇಡೀ ದೇಶದ್ದು. ಮುಂಬಯಿಯ ಕವಿ ನಿಸ್ಸಿಮ್ ಎಝೆಕಿಯೆಲ್ ಈ ‘ಇಂಗ್’ ಮೋಹವನ್ನು ನಗುನಗುತ್ತ ಹಿಡಿದಿಟ್ಟು ಒಂದು ಪದ್ಯವನ್ನೇ ಬರೆದಿದ್ದಾರೆ. ಮಿಸ್ ಪುಷ್ಪಾ ಎಂಬಾಕೆಗೆ ನಡೆಯುವ ಬೀಳ್ಕೊಡುಗೆಯ ಭಾಷಣ ಅದು. ದೊಡ್ಡವರಾದ ಮೇಲೆ ಹುಡುಕಿ ಓದಿ.

ಈ ಮೋಹದ ಜೊತೆಗೆ ‘ಆಲ್ವೇಸ್’ ಸೇರಿದರೆ ಫಜೀತಿ. ಒಬ್ಬ ಹುಡುಗ ಸಂದರ್ಶನದಲ್ಲಿ ತನ್ನ ಒಳ್ಳೆಯ ಗುಣ ಹೇಳಿಕೊಳ್ಳಲು “ಐ ಆಮ್ ಆಲ್ವೇಸ್ ಹೆಲ್ಪಿಂಗ್ ಮೈ ಮದರ್” ಎಂದ ಎಂದುಕೊಳ್ಳಿ. ಅಮ್ಮನಿಗೆ ಸಹಾಯ ಮಾಡುತ್ತೇನೆ ಎಂಬುದು ಅವನ ಮನಸ್ಸಿನ ಮಾತು. ಇಂಗ್ಲಿಷ್ ಬಲ್ಲವರ ಕಿವಿಗೆ ‘ಅಮ್ಮನಿಗೆ ಸಹಾಯ ಮಾಡಿ ಮಾಡಿಯೇ ನನಗೆ ಸಾಕಾಯ್ತು’ ಎಂಬಂತೆಯೂ ಕೇಳಬಹುದು. “ಐ ಆಲ್ವೇಸ್ ಹೆಲ್ಪ್ ಮೈ ಮದರ್” ಎಂದರೆ ಅಮ್ಮನ ಮಾನವೂ ಉಳಿಯಿತು, ಮಗನ ಮಾನವೂ ಉಳಿಯಿತು.

ಮೊದಲು ಕನ್ನಡದಲ್ಲಿ ಗೊಣಗಿ ನೋಡಿ

ಹಾಗಾದರೆ ಎಲ್ಲಿ ‘ಇಂಗ್’, ಎಲ್ಲಿ ಬರೀ ‘ಆಲ್ವೇಸ್’ ಎಂದು ತಿಳಿಯುವುದು ಹೇಗೆ? ಸುಲಭದ ದಾರಿ ಒಂದಿದೆ. ಅದೇ ಮಾತನ್ನು ಮನೆಯ ಕನ್ನಡದಲ್ಲಿ ಹೇಳಿ ನೋಡಿ.

‘ಅವನು ಟೀವಿ ನೋಡ್ತಾ ಇದಾನೆ’ ಎಂದರೆ ಈಗ ನೋಡುತ್ತಿದ್ದಾನೆ. ‘ಟೀವಿ ನೋಡ್ತಾ ಇರ್ತಾನೆ’ ಎಂದರೆ ಸಾಮಾನ್ಯವಾಗಿ ನೀವು ಹೋದಾಗ ನೋಡುತ್ತಿರುತ್ತಾನೆ. ‘ಟೀವಿ ನೋಡ್ತಾನೇ ಇರ್ತಾನೆ’ ಎಂದರೆ? ಅಲ್ಲಿ ‘ತಾ’ ಎಂಬುದು ‘ತಾನೇ’ ಆಯಿತು. ಆ ‘ಏ’ಕಾರ ಸೇರಿದ್ದೇ ತಡ, ಅಜ್ಜಿಯ ಹುಬ್ಬು ಗಂಟಾಯಿತು. ಇಂಗ್ಲಿಷ್ ಒಂದು ಪದವನ್ನು ನಡುವೆ ತೂರಿಸಿ ಮಾಡುವ ಕೆಲಸವನ್ನು ಕನ್ನಡ ಒಂದೇ ಸ್ವರದಲ್ಲಿ ಮಾಡುತ್ತದೆ. ನಿಮ್ಮ ಕನ್ನಡ ವಾಕ್ಯದಲ್ಲಿ ಈ ‘ಏ’ ತಾನಾಗಿ ಬಂದರೆ ಇಂಗ್ಲಿಷಿನಲ್ಲಿ ‘ಈಸ್ ಆಲ್ವೇಸ್’ ಹಾಕಿ ‘ಇಂಗ್’ ಸೇರಿಸಿ. ಬರದಿದ್ದರೆ ಸಿಂಪಲ್ ಪ್ರೆಸೆಂಟ್ ಸಾಕು.

ಕನ್ನಡದ ಗೊಣಗಾಟದ ಪೆಟ್ಟಿಗೆಯಲ್ಲಿ ಇನ್ನೂ ಸಾಮಾನು ಇದೆ. ‘ಪೆನ್ಸಿಲ್ ಮುರಿದ’ ಎಂದರೆ ಸುದ್ದಿ. ‘ಪೆನ್ಸಿಲ್ ಮುರಿದುಹಾಕಿದ’ ಎಂದರೆ ಸಿಟ್ಟು. ‘ಚಕ್ಕುಲಿ ತಿಂದ’ ಎಂದರೆ ಅಜ್ಜಿಗೆ ಸಂತೋಷ. ‘ಚಕ್ಕುಲಿ ಎಲ್ಲಾ ತಿಂದುಹಾಕಿದ’ ಎಂದರೆ ಡಬ್ಬಿ ಖಾಲಿಯಾಗಿದೆ, ನಾಳೆ ನೆಂಟರು ಬರುವವರಿದ್ದಾರೆ. ‘ಹಾಕು’ ಎಂಬ ಸಣ್ಣ ಕ್ರಿಯಾಪದ ಹಿಂದೆ ನಿಂತು ಇಷ್ಟು ಕೆಲಸ ಮಾಡುತ್ತದೆ. ‘ಹೋಂವರ್ಕು ಗೀಂವರ್ಕು’ ಎಂದಾಗ ಆ ‘ಗೀ’ ಏನು ಹೇಳುತ್ತದೆ ಎಂಬುದು ಮಕ್ಕಳಿಗೇ ನನಗಿಂತ ಚೆನ್ನಾಗಿ ಗೊತ್ತು.

ಭಾಷಾವಿದ್ವಾಂಸ ಡಿ.ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂದು ಪುಸ್ತಕಕ್ಕೇ ಹೆಸರಿಟ್ಟರು. ನಾವು ಆಡುವ ಕನ್ನಡಕ್ಕೆ ಅದರದೇ ಜಾಡು ಇದೆ ಎಂಬುದು ಗೊಣಗುವಾಗ ಚೆನ್ನಾಗಿ ತಿಳಿಯುತ್ತದೆ. ಇಂಗ್ಲಿಷ್ ಕಲಿಯಲು ಕನ್ನಡ ಬಿಡಬೇಕಾಗಿಲ್ಲ. ನಮ್ಮ ತೀರ್ಥಹಳ್ಳಿ ತಾಲ್ಲೂಕನ್ನೇ ನೋಡಿ. ಕುಪ್ಪಳಿಯ ಕುವೆಂಪು ಅವರ ಮೊದಲ ಪುಸ್ತಕ 1922ರ ಇಂಗ್ಲಿಷ್ ಕವನಗಳ ‘ಬಿಗಿನರ್ಸ್ ಮ್ಯೂಸ್’. ಆಮೇಲೆ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರ ಮಾತಿನಿಂದ ಕನ್ನಡಕ್ಕೆ ಹೊರಳಿದರು. ಮೇಳಿಗೆಯಲ್ಲಿ 1932ರಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿ ಮೈಸೂರಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತ ಕನ್ನಡದಲ್ಲಿ ಕಾದಂಬರಿ ಬರೆದರು. ಎರಡು ಭಾಷೆಯೂ ಒಂದೇ ತಲೆಯಲ್ಲಿ ಜಗಳವಿಲ್ಲದೆ ಇರಬಲ್ಲವು.

ಸಾಗರದ ಪೆನ್ನು

ನಾನು ಬಿ.ಕಾಂ. ಓದಿದವನು, ಇಂಗ್ಲಿಷ್ ಎಂ.ಎ. ಅಲ್ಲ. ನನ್ನ ಇಂಗ್ಲಿಷಿನ ಬಹುಪಾಲು ಬ್ಯಾಂಕಿನ ಕೌಂಟರಿನಲ್ಲಿ ಕಲಿತದ್ದು. ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ಊರುಗಳ ಶಾಖೆಯಲ್ಲಿ ನನ್ನ ಸರ್ವಿಸು ಕಳೆಯಿತು. ಒಂದೊಂದು ಊರಿನಲ್ಲೂ ದೂರುವ ಒಂದೊಂದು ಬಗೆ ಕೇಳಿದ್ದೇನೆ.

ಸಾಗರದಲ್ಲಿ ಅಡಿಕೆ ಸುಗ್ಗಿ ಬಂತೆಂದರೆ ಕೌಂಟರಿನ ಮುಂದೆ ಜನವೋ ಜನ. ಚಲನ್ ತುಂಬಲು ಇಟ್ಟ ಪೆನ್ನು ಮಧ್ಯಾಹ್ನದೊಳಗೆ ಮಾಯ. ದಾರ ಕಟ್ಟಿದೆವು. ದಾರದ ಸಮೇತ ಹೋಯಿತು! ಇಂಗ್ಲಿಷ್ ಕಾದಂಬರಿ ಓದುವ ಹುಚ್ಚಿದ್ದ ಒಬ್ಬ ಕ್ಯಾಶಿಯರ್ ತಲೆ ಮೇಲೆ ಕೈ ಹೊತ್ತು “ದೇ ಕೀಪ್ ವಾಕಿಂಗ್ ಆಫ್ ವಿತ್ ದ ಪೆನ್” ಎಂದರು. ಪೆನ್ನು ಎತ್ತಿಕೊಂಡು ಹೋಗುತ್ತಲೇ ಇರ್ತಾರಪ್ಪ.

‘ಕೀಪ್’ ಬಂದ ಮೇಲೆ ‘ಇಂಗ್’. ಇದು ಗೊಣಗುವ ಎರಡನೆಯ ದಾರಿ. “ಶಿ ಕೀಪ್ಸ್ ಇಂಟರಪ್ಟಿಂಗ್ ಮೀ.” ನಾನು ಮಾತಾಡುವಾಗ ಮತ್ತೆ ಮತ್ತೆ ಬಾಯಿ ಹಾಕ್ತಾಳೆ. ‘ಆಲ್ವೇಸ್’ಗೂ ಇದಕ್ಕೂ ಒಂದು ವ್ಯತ್ಯಾಸ ಉಂಟು. ‘ಆಲ್ವೇಸ್’ ಎಂದರೆ ಬಿಡುವೇ ಇಲ್ಲ ಎಂಬ ಉತ್ಪ್ರೇಕ್ಷೆ. ‘ಕೀಪ್’ ಎಂದರೆ ಒಂದಾದ ಮೇಲೊಂದು ಸಲ, ಬೆರಳು ಮಡಿಸಿ ಎಣಿಸಬಹುದು. ಜೊತೆಗೆ ‘ಕೀಪ್’ ಸದಾ ಸಿಟ್ಟಿನದ್ದೂ ಅಲ್ಲ. ಗಣಿತ ಬಾರದೆ ಕುಳಿತ ಮೊಮ್ಮಗನಿಗೆ “ಕೀಪ್ ಟ್ರೈಯಿಂಗ್” ಎಂದರೆ ಅದು ಬೆನ್ನು ತಟ್ಟುವ ಮಾತು.

ಹೊಸನಗರದ ದಣಪೆ

ಹೊಸನಗರದ ಮಳೆ ನಿಮಗೆ ಗೊತ್ತು. ಆ ತಾಲ್ಲೂಕಿನ ಹುಲಿಕಲ್ಲು ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಒಂದು. ಮಳೆ ಹೊಯ್ಯುವಾಗ ಓಡೋಡಿ ಒಳಗೆ ಬರುವವರು ತೋಟದ ದಣಪೆ ಹಾಕಲು ಮರೆಯುತ್ತಾರೆ. ಹಾಕದಿದ್ದರೆ ದನ ನುಗ್ಗುತ್ತದೆ. ಎಳೆ ಸಸಿಗಳ ಕಥೆ ಮುಗಿಯಿತು.

ಈ ಸಂದರ್ಭಕ್ಕೆ ಇಂಗ್ಲಿಷಿನಲ್ಲಿ ಮೂರನೆಯ ದಾರಿ ಇದೆ. “ಹಿ ವಿಲ್ ಲೀವ್ ದ ಗೇಟ್ ಓಪನ್.” ಇದು ಭವಿಷ್ಯತ್ಕಾಲ ಅಲ್ಲವೇ ಎಂದು ಕೇಳಬಹುದು. ಓದುವ ರೀತಿಯಲ್ಲಿ ಗುಟ್ಟಿದೆ. ‘ವಿಲ್’ ಮೇಲೆ ಒತ್ತು ಹಾಕಿ, ಕಲ್ಲು ಇಟ್ಟ ಹಾಗೆ ಹೇಳಿ. “ಹಿ ವಿಲ್ ಲೀವ್ ದ ಗೇಟ್ ಓಪನ್!” ಎಷ್ಟು ಬಡಕೊಂಡರೂ ಅವನು ದಣಪೆ ತೆರೆದಿಟ್ಟೇ ಬಿಡುವವ. ಇಲ್ಲಿ ‘ಹಿ ವಿಲ್’ ಎಂಬುದನ್ನು ಕುಗ್ಗಿಸಿ ‘ಹಿಲ್’ ಎನ್ನುವ ಹಾಗಿಲ್ಲ. ಕುಗ್ಗಿಸಿದರೆ ಒತ್ತು ಹಾಕಲು ಜಾಗವೇ ಇಲ್ಲ, ದೂರು ಮಳೆನೀರಿನಲ್ಲಿ ಕೊಚ್ಚಿಹೋಗಿ ಬರೀ ನಾಳೆಯ ಸುದ್ದಿ ಉಳಿಯುತ್ತದೆ. ಅದೇ ಒತ್ತಿನಲ್ಲಿ ಎಚ್ಚರಿಕೆಯನ್ನೂ ಕೊಡಬಹುದು. “ಇಫ್ ಯೂ ವಿಲ್ ಲೀವ್ ದ ಗೇಟ್ ಓಪನ್, ದ ಕ್ಯಾಟಲ್ ವಿಲ್ ಕಮ್ ಇನ್.” ನೀನು ಹೀಗೆ ತೆರೆದಿಡುತ್ತಲೇ ಇದ್ದರೆ ದನ ಬರದೆ ಇನ್ನೇನು? ಮಕ್ಕಳು ಇದನ್ನು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿ. ಕಣ್ಣಿನಿಂದ ಓದಿದರೆ ಬರುವ ಪಾಠ ಅಲ್ಲ ಇದು.

ತೀರ್ಥಹಳ್ಳಿಯ ದೂರಿನ ಪುಸ್ತಕ

ಬ್ಯಾಂಕಿನ ಶಾಖೆಯಲ್ಲಿ ಒಂದು ದೂರಿನ ಪುಸ್ತಕ ಇರುತ್ತದೆ. ಗ್ರಾಹಕರು ಅಸಮಾಧಾನ ಇದ್ದರೆ ಅದರಲ್ಲಿ ಬರೆಯಬಹುದು. ತೀರ್ಥಹಳ್ಳಿಯಲ್ಲಿ ಪಿಂಚಣಿ ಪಡೆಯಲು ಬರುತ್ತಿದ್ದ ನಿವೃತ್ತ ಹೆಡ್‌ಮಾಸ್ಟರರೊಬ್ಬರು ಒಂದು ದಿನ ಅದನ್ನು ಕೇಳಿ ತರಿಸಿಕೊಂಡು ಮೂರೇ ವಾಕ್ಯ ಬರೆದರು. ಇಲ್ಲೂ ಪೆನ್ನಿನದೇ ಕಥೆ.

ಮೊದಲ ವಾಕ್ಯ, “ದ ಕೌಂಟರ್ ಪೆನ್ ಈಸ್ ಆಲ್ವೇಸ್ ರನ್ನಿಂಗ್ ಡ್ರೈ.” ಕೌಂಟರಿನ ಪೆನ್ನಿನ ಶಾಯಿ ಮುಗಿದೇ ಇರುತ್ತದೆ. ಎರಡನೆಯದು, ಈ ತಿಂಗಳ 4ನೇ ತಾರೀಖು ಮತ್ತು 11ನೇ ತಾರೀಖು ನಾನು ಬಂದಾಗ ಪೆನ್ನಿನಲ್ಲಿ ಶಾಯಿ ಇರಲಿಲ್ಲ. ಮೂರನೆಯದು, “ವುಡ್ ಯೂ ಮೈಂಡ್ ಕೀಪಿಂಗ್ ಟೂ ಪೆನ್ಸ್?” ಎರಡು ಪೆನ್ನು ಇಡಲು ತಮಗೆ ಅಭ್ಯಂತರ ಇದೆಯೇ? ಮಾರನೆಯ ದಿನ ಬೆಳಿಗ್ಗೆ ಮ್ಯಾನೇಜರು ಎರಡು ಪೆನ್ನು ಇಡಿಸಿದರು.

ಆ ಮೂರು ವಾಕ್ಯ ನನಗೆ ಇವತ್ತಿಗೂ ಕಂಠಪಾಠ. ಮೊದಲನೆಯದು ಮನಸ್ಸಿನ ಬೇಸರ. ಎರಡನೆಯದು ಲೆಕ್ಕ. ಮೂರನೆಯದು ಕೋರಿಕೆ. ಮೊದಲನೆಯದು ಮಾತ್ರ ಬರೆದಿದ್ದರೆ ನಮ್ಮಲ್ಲಿ ಯಾರಾದರೂ “ಆಲ್ವೇಸ್ ಅಂತೆ! ಮೊನ್ನೆ ಸೋಮವಾರ ಶಾಯಿ ಇತ್ತಲ್ಲ” ಎಂದು ವಾದಕ್ಕೆ ನಿಲ್ಲುತ್ತಿದ್ದರು. ತಾರೀಖು ಹಾಕಿದ ಮೇಲೆ ವಾದಕ್ಕೆ ಎಡೆ ಎಲ್ಲಿ? ‘ಯಾವಾಗಲೂ’ ಎಂಬುದು ತಾರೀಖಿಲ್ಲದ ವೋಚರ್ ಇದ್ದ ಹಾಗೆ. ಯಾವ ಲೆಡ್ಜರಿನಲ್ಲೂ ಕೂರುವುದಿಲ್ಲ. 1995ರಲ್ಲಿ ರಿಸರ್ವ್ ಬ್ಯಾಂಕು ಗ್ರಾಹಕರಿಗಾಗಿ ಬ್ಯಾಂಕಿಂಗ್ ಓಂಬುಡ್ಸ್‌ಮನ್ ಯೋಜನೆ ತಂದಿತು. 2021ರವರೆಗೆ ಜಾರಿಯಲ್ಲಿದ್ದ ಆ ಯೋಜನೆಗೆ ಹೋಗುತ್ತಿದ್ದ ದೂರಿನಲ್ಲೂ ಏನಾಯಿತು ಎಂಬ ವಿವರ ಬೇಕಿತ್ತು, ಏನು ಪರಿಹಾರ ಬೇಕು ಎಂಬುದೂ ಬೇಕಿತ್ತು. ಮೂಗಿನ ತುದಿಯ ಕೋಪ ಮಾತ್ರ ಸಾಲದು.

‘ವುಡ್ ಯೂ ಮೈಂಡ್’ ಎಂಬಲ್ಲಿ ಒಂದು ಗುಂಡಿ ಇದೆ, ಬೀಳಬೇಡಿ. ಯಾರಾದರೂ “ವುಡ್ ಯೂ ಮೈಂಡ್ ಟರ್ನಿಂಗ್ ದ ಟೀವಿ ಡೌನ್?” ಎಂದು ಕೇಳಿದರೆ, ಮಾಡುತ್ತೇನೆ ಎನ್ನಲು ನಾವು ಖುಷಿಯಿಂದ “ಯೆಸ್” ಎನ್ನುತ್ತೇವೆ. ಕೇಳಿದ್ದು ‘ನಿಮಗೆ ಬೇಜಾರೇ?’ ಎಂದು. “ಯೆಸ್” ಎಂದರೆ ‘ಹೌದು, ಬೇಜಾರು’ ಎಂದಾಯಿತು! “ನೋ, ನಾಟ್ ಅಟ್ ಆಲ್” ಎಂದು ಹೇಳಿ ಟೀವಿಯ ದನಿ ತಗ್ಗಿಸಬೇಕು. ಬೇಡ ಎನ್ನಬೇಕಾದರೆ ‘ನಾಟ್’ ಸೇರಿಸಿ. “ವುಡ್ ಯೂ ಮೈಂಡ್ ನಾಟ್ ಶೌಟಿಂಗ್?” ಕೂಗದೆ ಇರುತ್ತೀರಾ?

ಗೊಣಗಾಟಕ್ಕೂ ಕೋರಿಕೆಗೂ ನಡುವೆ ಇನ್ನೊಂದಿದೆ. “ಐ ವಿಶ್ ಯೂ ವುಡಂಟ್ ಲೀವ್ ಯುವರ್ ವೆಟ್ ಅಂಬ್ರೆಲಾ ಹಿಯರ್.” ಒದ್ದೆ ಕೊಡೆ ಇಲ್ಲಿ ಇಡದಿದ್ದರೆ ಎಷ್ಟು ಚೆನ್ನಾಗಿತ್ತು! ಇದರಲ್ಲಿ ಸ್ವಲ್ಪ ಮುನಿಸು, ಸ್ವಲ್ಪ ಆಸೆ, ಎರಡೂ ಇವೆ. ಇದನ್ನು ಬೇರೆಯವರ ಬಗ್ಗೆ ಮಾತ್ರ ಹೇಳಬಹುದು. ‘ನಾನು ಬೇಗ ಏಳುವಂತಿದ್ದರೆ’ ಎನ್ನಲು “ಐ ವಿಶ್ ಐ ವುಡ್” ಎನ್ನುವುದಿಲ್ಲ, “ಐ ವಿಶ್ ಐ ಕುಡ್” ಎನ್ನಬೇಕು. ತನ್ನ ಮೇಲೆ ತಾನೇ ಮುನಿಸಿಕೊಳ್ಳಲು ಇಂಗ್ಲಿಷ್ ಈ ರೂಪವನ್ನು ಕೊಟ್ಟಿಲ್ಲ.

ಇಬ್ಬರಿಗೂ ಹಕ್ಕಿದೆ

ಇಷ್ಟು ಹೊತ್ತು ಮಕ್ಕಳ ಮೇಲೆ ದೂರು ಹೇಳಿದ್ದಾಯಿತು ಎಂದು ಅಜ್ಜಂದಿರು ಬೀಗುವುದು ಬೇಡ. ನಮ್ಮ ವಯಸ್ಸಿನವರ ಅಭ್ಯಾಸಗಳ ಪಟ್ಟಿ ಮಕ್ಕಳ ಹತ್ತಿರವೂ ಇದೆ. ಒಳಗಿನ ಕೋಣೆಯಿಂದಲೇ ಹೆಸರು ಹಿಡಿದು ಕೂಗುವುದು. ವಾರ್ತೆಯನ್ನು ಬೀದಿಗೆಲ್ಲ ಕೇಳುವ ಹಾಗೆ ಹಾಕುವುದು. ಬೆಳಿಗ್ಗೆ ಐದೂವರೆಗೆ ಮನೆಯವರೆಲ್ಲರ ಮೊಬೈಲಿಗೆ ‘ಶುಭೋದಯ’ದ ಹೂವು ಕಳಿಸುವುದು. “ನಮ್ಮ ಕಾಲದಲ್ಲಿ” ಎಂದು ಶುರು ಮಾಡುವುದು. ಮಕ್ಕಳು ಇವಕ್ಕೆಲ್ಲ “ಅಜ್ಜ ಈಸ್ ಆಲ್ವೇಸ್” ಎಂದು ವಾಕ್ಯ ಬರೆದರೆ ವ್ಯಾಕರಣದ ಪ್ರಕಾರ ಪೂರ್ಣಾಂಕ.

ಆದರೆ ಮನೆಯಲ್ಲಿ ‘ಆಲ್ವೇಸ್’ ಹೇಳುವಾಗ ಒಂದು ನೆನಪಿಟ್ಟುಕೊಳ್ಳಿ. “ಯೂ ಲೆಫ್ಟ್ ದ ಟ್ಯಾಪ್ ಆನ್ ದಿಸ್ ಮಾರ್ನಿಂಗ್” ಎಂದರೆ, ಬೆಳಿಗ್ಗೆ ನಲ್ಲಿ ತೆರೆದಿಟ್ಟು ಹೋಗಿದ್ದೆ ಎಂದರೆ, ಮಗು “ಸಾರಿ ಅಜ್ಜ” ಎನ್ನುತ್ತದೆ. ಅದು ಒಂದು ಕೆಲಸದ ಮಾತು. “ಯೂ ಆರ್ ಆಲ್ವೇಸ್ ಲೀವಿಂಗ್ ದ ಟ್ಯಾಪ್ ಆನ್” ಎಂದರೆ ಅದು ಆ ಮಗುವಿನ ಮಾತಾಯಿತು, ನೀನು ಇಂಥವನೇ ಎಂದಾಯಿತು. ಆಗ ಮಗು ನಲ್ಲಿಯನ್ನು ಬಿಟ್ಟು ತನ್ನನ್ನು ಕಾಪಾಡಿಕೊಳ್ಳಲು ನಿಲ್ಲುತ್ತದೆ. “ಯಾವಾಗ? ನಿನ್ನೆ ನಿಲ್ಲಿಸಿದ್ನಲ್ಲ!” ಇಬ್ಬರೂ ಹೀಗೆ ವಾದಕ್ಕೆ ನಿಂತಾಗ ನಲ್ಲಿ ಮಾತ್ರ ಸುರಿಯುತ್ತಲೇ ಇರುತ್ತದೆ. ಇದು ಮಕ್ಕಳು ದೊಡ್ಡವರಿಗೆ ಹೇಳುವಾಗಲೂ ಅಷ್ಟೇ.

ಈಸ್ ಹೋಗಿ ವಾಸ್ ಬಂದಾಗ

ಇನ್ನೊಂದು ಮಾತು ಪುಸ್ತಕದಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ, ಅಥವಾ ಇರುವುದೇ ಇಲ್ಲ. ಈ ‘ಆಲ್ವೇಸ್’ ರೂಪ ಬರೀ ಕಿರಿಕಿರಿಯದ್ದಲ್ಲ. ಎಣಿಕೆ ಮೀರಿ, ಕೇಳದೆಯೂ, ಮತ್ತೆ ಮತ್ತೆ ನಡೆಯುವ ಯಾವುದಕ್ಕೂ ಅದು ಸಲ್ಲುತ್ತದೆ. “ಮೈ ಗ್ರ್ಯಾಂಡ್‌ಮದರ್ ವಾಸ್ ಆಲ್ವೇಸ್ ಗಿವಿಂಗ್ ಅಸ್ ಸ್ವೀಟ್ಸ್.” ಅಜ್ಜಿ ನಮಗೆ ಏನಾದರೂ ಸಿಹಿ ಕೊಡುತ್ತಲೇ ಇರುತ್ತಿದ್ದಳು. ಇಲ್ಲಿ ಯಾರು ಗೊಣಗುತ್ತಿದ್ದಾರೆ?

ನನ್ನ ಹೆಂಡತಿಗೆ ಒಂದು ಅಭ್ಯಾಸ ಇತ್ತು. ನಾನು ಮನೆ ಬಿಟ್ಟು ಹತ್ತು ಹೆಜ್ಜೆ ಹಾಕುವುದರೊಳಗೆ ಕೊಡೆ ಹಿಡಿದು ಹಿಂದೆ ಓಡಿ ಬರುವಳು. ಆಷಾಢವಾದರೆ ಸರಿ. ಮಾಘದ ಬಿಸಿಲಿನಲ್ಲೂ “ಮೋಡ ಇದೆ, ಹಿಡ್ಕೊಳ್ಳಿ” ಎನ್ನುವಳು. ಬಸ್ಸಿಗೆ ಹೊತ್ತಾಗಿರುತ್ತಿತ್ತು, ಬೀದಿಯವರು ನೋಡುತ್ತಿರುತ್ತಿದ್ದರು. ಬ್ಯಾಂಕಿನಲ್ಲಿ ಗೆಳೆಯರ ಮುಂದೆ “ಶಿ ಈಸ್ ಆಲ್ವೇಸ್ ರನ್ನಿಂಗ್ ಆಫ್ಟರ್ ಮೀ ವಿತ್ ದ ಅಂಬ್ರೆಲಾ” ಎಂದು ನಾನು ಹೇಳಿದರೆ ಎಲ್ಲರೂ ನಗುತ್ತಿದ್ದರು. ಅವಳು ತೀರಿಕೊಂಡು ಆರು ವರ್ಷವಾಯಿತು. ಈಗ ಅದೇ ವಾಕ್ಯ ಹೇಳಬೇಕಾದರೆ ‘ಈಸ್’ ತೆಗೆದು ‘ವಾಸ್’ ಹಾಕಬೇಕು. “ಶಿ ವಾಸ್ ಆಲ್ವೇಸ್ ರನ್ನಿಂಗ್ ಆಫ್ಟರ್ ಮೀ ವಿತ್ ದ ಅಂಬ್ರೆಲಾ.” ಉಳಿದ ಪದಗಳೆಲ್ಲ ಅವೇ, ಇದ್ದ ಜಾಗದಲ್ಲೇ ಇವೆ. ಅದರಲ್ಲಿದ್ದ ದೂರು ಮಾತ್ರ ಹುಡುಕಿದರೂ ಸಿಗುವುದಿಲ್ಲ. ಕೊಡೆ ಬಾಗಿಲ ಹಿಂದೆ ನೇತಾಡುತ್ತಿದೆ. ಹೊರಡುವಾಗ ನಾನೇ ತೆಗೆದುಕೊಳ್ಳುತ್ತೇನೆ.

ಈಗ ಹೊಸನಗರದ ಹುಡುಗಿಗೆ ಉತ್ತರ. ಮಗೂ, ನಿನ್ನ ವಾಕ್ಯದಲ್ಲಿ ವ್ಯಾಕರಣದ ದೋಷ ಇಲ್ಲ. ನಿಮ್ಮ ಮೇಡಂ ತಿದ್ದಿದ್ದಕ್ಕೂ ಕಾರಣ ಇದೆ. ಅಜ್ಜನ ಕಥೆಯಿಂದ ನಿನಗೆ ಬೇಜಾರು ಎಂಬ ಅರ್ಥ ಉತ್ತರಪತ್ರಿಕೆಯಲ್ಲಿ ಬರಬಾರದು ಎಂದಿದ್ದರೆ ‘ಟೆಲ್ಸ್’ ಎಂಬುದೇ ಕ್ಷೇಮ. ಬಾಯಲ್ಲಿ ಹೇಳುವಾಗ ನಗು ಇದೆಯೋ ಸಿಡುಕು ಇದೆಯೋ ಎಂದು ದನಿಯೇ ಹೇಳುತ್ತದೆ. ಕಾಗದಕ್ಕೆ ದನಿ ಇಲ್ಲ. ಪರೀಕ್ಷೆಯಲ್ಲಿ ‘ಟೆಲ್ಸ್’ ಬರೆ. ಮನೆಗೆ ಹೋಗಿ ಅಜ್ಜನ ಪಕ್ಕ ಕುಳಿತು, ನಗುತ್ತ, “ಯೂ ಆರ್ ಆಲ್ವೇಸ್ ಟೆಲ್ಲಿಂಗ್ ಸ್ಟೋರೀಸ್, ಅಜ್ಜ” ಎಂದು ಹೇಳು. ಅವರಿಗೆ ಅರ್ಥವಾಗುತ್ತದೆ. ಇನ್ನೊಂದು ಕಥೆ ಶುರುವಾದರೆ ನಾನು ಜವಾಬ್ದಾರನಲ್ಲ.

ಈ ವಾರದ ಮನೆಗೆಲಸ

ಮಕ್ಕಳೂ ಅಜ್ಜ ಅಜ್ಜಿಯರೂ ಒಂದೇ ಮೇಜಿನ ಮುಂದೆ ಕುಳಿತು ಮಾಡಬೇಕಾದ ಕೆಲಸ ಇದು. ಬೇರೆ ಬೇರೆ ಕೋಣೆಯಲ್ಲಿ ಕುಳಿತು ಮಾಡಿದರೆ ಲೆಕ್ಕಕ್ಕಿಲ್ಲ.

1. ಒಬ್ಬರ ಮೇಲೊಬ್ಬರು ‘ಈಸ್ ಆಲ್ವೇಸ್’ ಮತ್ತು ‘ಇಂಗ್’ ಸೇರಿಸಿ ಒಂದೊಂದು ದೂರು ಬರೆಯಿರಿ. ಒಂದೇ ಒಂದು. ಪಟ್ಟಿ ಬೇಡ.

2. ಅದೇ ದೂರನ್ನು ತೀರ್ಥಹಳ್ಳಿಯ ಹೆಡ್‌ಮಾಸ್ಟರರ ಹಾಗೆ ತಾರೀಖು ಹಾಕಿ ಬರೆಯಿರಿ. ತಾರೀಖು ನೆನಪಾಗದಿದ್ದರೆ ದೂರನ್ನು ಹೊಡೆದುಹಾಕಿ.

3. ಅದನ್ನೇ ‘ವುಡ್ ಯೂ ಮೈಂಡ್’ ಎಂದು ಶುರು ಮಾಡಿ ಕೋರಿಕೆ ಮಾಡಿ. ಎದುರಿನವರು ‘ನೋ’ ಎಂದರೆ ಒಪ್ಪಿದ್ದಾರೆ ಎಂದು ತಿಳಿಯಿರಿ!

4. ಸರಿಯಾದದ್ದನ್ನು ಆರಿಸಿ. ಪೂಜೆಯ ಬಗ್ಗೆ ಗೌರವದಿಂದ ಹೇಳುವಾಗ, “ಅಜ್ಜಿ ಆಲ್ವೇಸ್ ಲೈಟ್ಸ್ ದ ಲ್ಯಾಂಪ್ ಅಟ್ ಸಿಕ್ಸ್” ಎನ್ನಬೇಕೇ, “ಅಜ್ಜಿ ಈಸ್ ಆಲ್ವೇಸ್ ಲೈಟಿಂಗ್ ದ ಲ್ಯಾಂಪ್” ಎನ್ನಬೇಕೇ? ಕಾರಣ ಕನ್ನಡದಲ್ಲಿ ಬರೆಯಿರಿ.

5. ಕೊನೆಯದು ಅಜ್ಜ ಅಜ್ಜಿಯರಿಗೆ. ನಿಮ್ಮ ತಂದೆ, ತಾಯಿ, ಅಜ್ಜಿ, ಯಾರೇ ಆಗಲಿ, ಈಗ ಇಲ್ಲದ ಒಬ್ಬರ ಬಗ್ಗೆ ‘ವಾಸ್ ಆಲ್ವೇಸ್’ ಸೇರಿಸಿ ಒಂದು ವಾಕ್ಯ ಮೊಮ್ಮಕ್ಕಳಿಗೆ ಹೇಳಿ. ಮಕ್ಕಳು ಅದನ್ನು ಬರೆದು ನನಗೆ ಕಳಿಸಲಿ. ಇದಕ್ಕೆ ಅಂಕ ಇಲ್ಲ, ತಿದ್ದುವುದೂ ಇಲ್ಲ.

ಬರುವ ವಾರ: ‘ಸಾರಿ’ ಹೇಳುವ ಆರು ವಿಧ, ಹೇಳದೆ ತಪ್ಪಿಸಿಕೊಳ್ಳುವ ಹತ್ತು ವಿಧ.